ಸಂಗ್ರಹಯೋಗ್ಯ ನಾಣ್ಯಗಳಿಗೂ ಬೇಕು ಗುಣಮಟ್ಟದ ಖಾತರಿ

ಚಲಾವಣೆಯ ನಾಣ್ಯ ಸವೆದರೂ ಅದರ ಬೆಲೆ ಕುಂದದು. ಸಂಗ್ರಾಹಕರಿಗೆಂದೇ ಟಂಕಿಸುವ ನಾಣ್ಯದ ಸ್ಥಿತಿ ಹಾಗಲ್ಲ. ಗ್ರಾಹಕರು ಅದಕ್ಕೆ ಮುಖಬೆಲೆಗಿಂತ ಹಲವು ಪಟ್ಟು ಹೆಚ್ಚು ಹಣ ತೆರುವುದು ಅದರ ಲೋಹಕ್ಕಾಗಿ ಮಾತ್ರವಲ್ಲ, ನಿರ್ದೋಷವಾದ ಮೇಲ್ಮೈಗಾಗಿಯೂ ಹೌದು. ಹೊಸ ಪೆಟ್ಟಿಗೆ ತೆರೆದಾಗ ಗೀರು, ಬೆರಳಚ್ಚು, ಕಲೆಗಳು ಕಂಡರೆ ಅದು ವ್ಯಾಪಾರದ ವಿಶ್ವಾಸಕ್ಕೇ ಬಿದ್ದ ಪೆಟ್ಟು.

ದೋಷದ ಕಾರಣಗಳು ಅಜ್ಞಾತವಲ್ಲ. ನೂತನ ಸಂಸತ್ ಭವನದ ಸ್ಮರಣಾರ್ಥ 2023ರಲ್ಲಿ ಹೊರತಂದ 75 ರೂಪಾಯಿ ನಾಣ್ಯದಲ್ಲಿ ಬೆಳ್ಳಿ ಶೇ. 50, ತಾಮ್ರ ಶೇ. 40, ನಿಕಲ್ ಹಾಗೂ ಸತು ತಲಾ ಶೇ. 5 ಇವೆ. ಇಂತಹ ಮಿಶ್ರಲೋಹದಲ್ಲಿ ಬೆಳ್ಳಿಯು ಗಂಧಕದ ಸಂಪರ್ಕದಿಂದ ಕಪ್ಪಾಗುತ್ತದೆ. ತಾಮ್ರವು ತೇವಾಂಶದಿಂದ ಬಣ್ಣಗೆಡುತ್ತದೆ. ಪಿ.ವಿ.ಸಿ. ಹೊದಿಕೆ ಬಳಸಿದರೆ ಕಾಲಕ್ರಮದಲ್ಲಿ ಹಸಿರು ಜಿಗುಟು ಅಂಟುತ್ತದೆ. ಪ್ರೂಫ್ ನಾಣ್ಯದ ಕನ್ನಡಿಯಂತಹ ಮೈಯನ್ನು ಒರೆಸಿ ಸರಿಪಡಿಸುವಂತೆಯೂ ಇಲ್ಲ. ಒರೆಸಿದಷ್ಟೂ ಗೀರು ಹೆಚ್ಚುತ್ತದೆ.

ಪರಿಹಾರ ಅಸಾಧ್ಯವೇನಲ್ಲ. ಬೆಳ್ಳಿ ನಾಣ್ಯಗಳ ಮೇಲೆ ಮೂಡುವ ಬಿಳಿ ಕಲೆಗಳನ್ನು ತಗ್ಗಿಸಲು ಕೆನಡಾದ ಟಂಕಸಾಲೆ 2018ರಲ್ಲಿ ‘ಮಿಂಟ್‌ಶೀಲ್ಡ್’ ತಂತ್ರಜ್ಞಾನವನ್ನು ಜಾರಿಗೆ ತಂದಿತು. ದೋಷವನ್ನು ಒಪ್ಪಿಕೊಂಡಲ್ಲಿ ಮಾತ್ರ ಸುಧಾರಣೆ ಸಾಧ್ಯ.

ಮುಂಬಯಿ, ಕೋಲ್ಕತ್ತ, ಹೈದರಾಬಾದ್ ಮತ್ತು ನೊಯ್ಡಾದ ಸರ್ಕಾರಿ ಟಂಕಸಾಲೆಗಳೂ ಈ ದಿಸೆಯಲ್ಲಿ ಯೋಚಿಸಬೇಕು. ಪ್ಯಾಕಿಂಗ್‌ಗೆ ಮುನ್ನ ಪ್ರತಿ ನಾಣ್ಯದ ತಪಾಸಣೆ, ರಾಸಾಯನಿಕವಾಗಿ ನಿರಪಾಯಕಾರಿಯಾದ ಕವಚ, ದೋಷಯುಕ್ತ ನಾಣ್ಯದ ಬದಲಾವಣೆಗೆ ಸ್ಪಷ್ಟ ಕಾಲಮಿತಿ ಇವು ಕನಿಷ್ಠ ಅಗತ್ಯಗಳು. ಒಂದು ಗೀರಿಗಾಗಿ ಇಡೀ ಸರಕು ತಿರಸ್ಕೃತವಾದಾಗ ಸಣ್ಣ ಕೈಗಾರಿಕೋದ್ಯಮಿ ಮರುಮಾತಿಲ್ಲದೆ ಅದನ್ನು ಹಿಂಪಡೆಯುತ್ತಾನೆ. ಅವನಿಗೆ ಅನ್ವಯಿಸುವ ಅಳತೆಗೋಲು ರಾಷ್ಟ್ರಲಾಂಛನ ಹೊತ್ತ ಸರಕಿಗೂ ಅನ್ವಯಿಸುವುದು ನ್ಯಾಯೋಚಿತ.