ತ್ಯಾಗಕ್ಕೂ ಸ್ಥಳ ಬೇಕು

ಗಣಕಯಂತ್ರದ ಸಂಗ್ರಹ ತುಂಬಿತೆಂದೊಡನೆ ಯರಗೇರಾದ ಮನೆಯಲ್ಲಾಗಲಿ, ರಾಯಚೂರಿನ ಟ್ರಸ್ಟಿನ ಕಚೇರಿಯಲ್ಲಾಗಲಿ ಹೊರಡುವ ಮಾತು ಒಂದೇ: “ಇನ್ನೊಂದು ಡಿಸ್ಕ್ ತರಿಸಿ.” ಪರಿಗ್ರಹ ಪರಿಮಾಣವನ್ನು ಶ್ರಾವಕರಿಗೆ ವ್ರತವಾಗಿ ವಿಧಿಸಿದ ಧರ್ಮದವರಿಗೆ ಈ ಮಾತು ಶೋಭಿಸದು. ಹೊಲ, ಮನೆ, ಚಿನ್ನ, ಧಾನ್ಯಗಳಿಗೆ ಮಿತಿ ಹಾಕಿಕೊಂಡವರು ಕಡತಗಳಿಗೆ ಮಿತಿ ಬೇಡವೆನ್ನುವುದು ಆತ್ಮವಂಚನೆ.

ತೂಕವಿಲ್ಲದ ಕಡತ ಪರಿಗ್ರಹ ಹೇಗಾದೀತು ಎಂದು ಕೇಳುವವರುಂಟು. ಪರಿಗ್ರಹದ ಮೂಲ ವಸ್ತುವಿನಲ್ಲಿಲ್ಲ, ಮಮಕಾರದಲ್ಲಿದೆ ಎಂಬುದನ್ನು ತತ್ತ್ವಾರ್ಥಸೂತ್ರಕಾರರು ಎಂದೋ ತಿಳಿಸಿದ್ದಾರೆ. ಒಂದೇ ಪಂಚಕಲ್ಯಾಣ ಮಹೋತ್ಸವದ ಒಂದೇ ಚಿತ್ರವನ್ನು ಒಂದೇ ಯಂತ್ರದಲ್ಲಿ ನಾಲ್ಕು ಕಡೆ ಇರಿಸಿಕೊಳ್ಳುವುದು ಮಮಕಾರವಲ್ಲದೆ ಮತ್ತೇನು?

ಯಂತ್ರದ ಸ್ವಭಾವವೂ ಇದೇ ಪಾಠವನ್ನು ಹೇಳುತ್ತದೆ. ವಿಂಡೋಸ್‌ನಲ್ಲಿ ಅಳಿಸಿದ ಕಡತ ಸಾಮಾನ್ಯವಾಗಿ ಕಸದ ಬುಟ್ಟಿಗೆ ಸೇರಿ ಅದೇ ಡಿಸ್ಕಿನಲ್ಲಿ ಉಳಿಯುತ್ತದೆ. ಬುಟ್ಟಿಯನ್ನು ಬರಿದು ಮಾಡುವವರೆಗೆ ಸ್ಥಳ ದೊರೆಯದು. ಲಿನಕ್ಸ್‌ನಲ್ಲಿ ಯಾವುದಾದರೂ ಕಾರ್ಯಕ್ರಮವು ತೆರೆದು ಹಿಡಿದಿರುವ ಕಡತವನ್ನು ಅಳಿಸಿದರೆ ಹೆಸರು ಮಾಯವಾಗುತ್ತದೆ, ಭಾರ ಹಾಗೆಯೇ ಇರುತ್ತದೆ. ಹಿಡಿದ ಕೈ ಬಿಟ್ಟಾಗಲೇ ಬಿಡುಗಡೆ. ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್‌ನಂತಹ ವ್ಯವಸ್ಥೆಗಳು ಪ್ರತಿಯೊಂದು ಬದಲಾವಣೆಯನ್ನೂ ಹೊಸ ಜಾಗದಲ್ಲಿ ಬರೆಯುವುದರಿಂದ, ಅವು ಪೂರ್ಣ ತುಂಬಿದಾಗ ಅಳಿಸುವುದಕ್ಕೂ ಸ್ಥಳವಿಲ್ಲವೆಂಬ ಉತ್ತರ ಬರಬಹುದು. ತುದಿಯವರೆಗೆ ತುಂಬಿಕೊಂಡವನಿಗೆ ತ್ಯಾಗವೂ ಅಸಾಧ್ಯ! ಇದನ್ನರಿತೇ ಇಎಕ್ಸ್‌ಟಿ4 ವ್ಯವಸ್ಥೆಯನ್ನು ರಚಿಸುವಾಗ, ಬೇರೆ ಸೂಚನೆ ಇಲ್ಲದಿದ್ದರೆ, ಶೇಕಡ 5ರಷ್ಟು ಸ್ಥಳವನ್ನು ಮೇಲ್ವಿಚಾರಕನಿಗಾಗಿ ಮೀಸಲಿಡಲಾಗುತ್ತದೆ. ಯಂತ್ರಕ್ಕಿರುವ ಈ ಮುಂದಾಲೋಚನೆ ಟ್ರಸ್ಟುಗಳಿಗೆ ಏಕಿರಬಾರದು?

ಹಾಗೆಂದು ತುಂಬಿದ ದಿನ ಗಾಬರಿಯಿಂದ ದೊಡ್ಡ ಕಡತಗಳನ್ನೇ ಹುಡುಕಿ ಅಳಿಸುವುದು ತ್ಯಾಗವಲ್ಲ, ಪ್ರಮಾದ. ದೊಡ್ಡ ಕಡತಗಳೆಂದರೆ ಬಹುವೇಳೆ ತಾಳೆಗರಿ, ಶಾಸನಗಳ ಸೂಕ್ಷ್ಮ ಛಾಯಾಚಿತ್ರಗಳೇ. ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಮೂಡಬಿದಿರೆಯ ಭಂಡಾರದಲ್ಲಿ ಉಳಿದುಬಂದುದರಿಂದಲೇ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ ಮುದ್ರಣ ಕಂಡಿತು. ಅಂತಹ ನಿಧಿಯ ಏಕೈಕ ಪ್ರತಿಯನ್ನು ಒಂದು ಗುಂಡಿ ಒತ್ತಿ ಕಳೆಯುವವರನ್ನು ಮುಂದಿನ ಪೀಳಿಗೆ ಕ್ಷಮಿಸದು.

ಪ್ರತಿ ಮಾಡುವುದೇ ತಪ್ಪೆ? ಅಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದೇ ಪೆಟ್ಟಿಗೆಯಲ್ಲಿ ಪೇರಿಸಿಡಲಿಲ್ಲ. ಬೇರೆ ಬೇರೆ ಊರುಗಳಲ್ಲಿರುವ ಪ್ರತಿ ಶಾಸ್ತ್ರದಾನ. ಒಂದೇ ಡಿಸ್ಕಿನಲ್ಲಿ ಕೊಳೆಯುವ ಪ್ರತಿ ಪರಿಗ್ರಹ.

ಆದುದರಿಂದ ಪ್ರತಿಯೊಂದು ಟ್ರಸ್ಟೂ ಹಸ್ತಪ್ರತಿಗಳ ಚಿತ್ರಗಳನ್ನು, ಲೆಕ್ಕಪತ್ರಗಳನ್ನು ಮೊದಲು ಮತ್ತೆರಡು ಸ್ಥಳಗಳಿಗೆ ಕಳುಹಿಸಿ, ಅವು ತೆರೆಯುತ್ತವೆಯೇ ಎಂದು ಪರೀಕ್ಷಿಸಲಿ. ಅನಂತರ ಮರುನಕಲುಗಳನ್ನು ಇಬ್ಬರು ಹೊಣೆಗಾರರ ಸಮ್ಮುಖದಲ್ಲಿ ಅಳಿಸಲಿ. ದಶಲಕ್ಷಣ ಪರ್ವದ ಉತ್ತಮ ತ್ಯಾಗ, ಉತ್ತಮ ಆಕಿಂಚನ್ಯದ ದಿನಗಳಿಗಿಂತ ಇದಕ್ಕೆ ಯೋಗ್ಯವಾದ ಕಾಲ ಬೇರಿಲ್ಲ. ಡಿಸ್ಕ್ ತುಂಬುವ ಮೊದಲೇ ಬಿಡಲು ಕಲಿಯದವರು, ತುಂಬಿದ ಮೇಲೆ ಬಿಡಬಾರದುದನ್ನೇ ಬಿಡುತ್ತಾರೆ.