ತಮ್ಮನ ಜೊತೆ ಹುಟ್ಟಿದ ಹೆಣ್ಣುಗರು

ಹಸು ಅವಳಿ ಕರು ಹಾಕಿತೆಂದರೆ ಯಾರಿಗೆ ಹಿಗ್ಗಾಗದು? ಯಲಹಂಕದ ಸುತ್ತಮುತ್ತ ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವ ಮನೆಗಳಲ್ಲಂತೂ ಹೆಣ್ಣುಗರುವಿನ ಮೇಲೆ ಆಸೆ ಹೆಚ್ಚು. ಆದರೆ ಒಂದು ಹೆಣ್ಣು, ಒಂದು ಗಂಡು ಜೊತೆಯಾಗಿ ಹುಟ್ಟಿದ್ದರೆ ಸ್ವಲ್ಪ ತಾಳಬೇಕು. ಅಂಥ ಹೆಣ್ಣುಗರುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಗೊಡ್ಡು. ಎರಡು ವರ್ಷ ಹುಲ್ಲು, ಹಿಂಡಿ ಹಾಕಿ ಸಾಕಿದರೂ ಗಬ್ಬ ಕಟ್ಟುವುದಿಲ್ಲ. ಇದಕ್ಕೆ ಮೇವಿನ ಕೊರತೆ ಕಾರಣವಲ್ಲ. ಯಾರ ದೃಷ್ಟಿಯೂ ತಾಗಿಲ್ಲ. ಇಂಗ್ಲಿಷಿನಲ್ಲಿ ಇಂಥ ಕರುವಿಗೆ ‘ಫ್ರೀಮಾರ್ಟಿನ್’ ಎಂದು ಹೆಸರು.

ಕಾರಣ ಇರುವುದು ಗರ್ಭದಲ್ಲಿ. ಈ ಕರುಗಳು ಎರಡು ಬೇರೆ ಅಂಡಗಳಿಂದ ಬಂದವು. ಹೆಣ್ಣಿನ ಜೀವಕೋಶಗಳಲ್ಲಿ ಎಕ್ಸ್-ಎಕ್ಸ್ ವರ್ಣತಂತುಗಳು, ಗಂಡಿನವುಗಳಲ್ಲಿ ಎಕ್ಸ್-ವೈ. ಗಬ್ಬದ ಎರಡನೇ ತಿಂಗಳಲ್ಲಿ ಎರಡರ ಮಾಸುಗಳೂ ಕೂಡಿಕೊಂಡು ರಕ್ತನಾಳಗಳು ಒಂದಾಗುತ್ತವೆ. ಗಂಡಿನ ವೃಷಣ ಬೇಗ ರೂಪುಗೊಳ್ಳುತ್ತದೆ. ಅದು ಸ್ರವಿಸುವ ಹಾರ್ಮೋನು ಜೊತೆಯ ಹೆಣ್ಣುಗರುವಿಗೂ ಹರಿದು, ಅದರ ಗರ್ಭಕೋಶ, ಅಂಡಾಶಯಗಳು ಬೆಳೆಯದಂತೆ ತಡೆಯುತ್ತದೆ. ಷಿಕಾಗೋದ ಫ್ರಾಂಕ್ ಲಿಲ್ಲಿ 1916ರಲ್ಲೇ ಇದನ್ನು ವಿವರಿಸಿದ್ದರು.

ಹರಿಯುವುದು ಹಾರ್ಮೋನು ಮಾತ್ರವಲ್ಲ, ಜೀವಕೋಶಗಳೂ ಹೌದು. ಅಮೆರಿಕದ ರೇ ಓವನ್ 1945ರಲ್ಲಿ ಅವಳಿ ಕರುಗಳ ರಕ್ತ ಪರೀಕ್ಷಿಸಿದಾಗ, ಒಂದೊಂದರಲ್ಲೂ ಎರಡು ಬಗೆಯ ರಕ್ತಕಣಗಳಿದ್ದವು! ಜೊತೆಗಾರನ ಕಣಗಳನ್ನು ದೇಹ ತನ್ನವೆಂದೇ ಒಪ್ಪಿಕೊಂಡಿತ್ತು. ಅಂಗ ಕಸಿಯ ವಿಜ್ಞಾನಕ್ಕೆ ದಾರಿ ತೋರಿಸಿದ ಸುಳಿವುಗಳಲ್ಲಿ ಇದೂ ಒಂದು. ಈ ವಿಷಯದಲ್ಲಿ ಮುಂದೆ ದುಡಿದ ಬರ್ನೆಟ್ ಮತ್ತು ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಬಂತು.

ಹಾಗಾದರೆ ನಮ್ಮ ಮನೆಯ ಅವಳಿ ಮಕ್ಕಳು? ಹೆದರಬೇಕಿಲ್ಲ. ಮನುಷ್ಯರಲ್ಲಿ ಒಂದೇ ಮಾಸನ್ನು ಹಂಚಿಕೊಳ್ಳುವವರು ಬಹುಮಟ್ಟಿಗೆ ಒಂದೇ ಅಂಡದಿಂದ ಆದವರು. ಇಬ್ಬರೂ ಗಂಡು, ಇಲ್ಲವೇ ಇಬ್ಬರೂ ಹೆಣ್ಣು. ಅವರೂ ಪೂರಾ ಪಡಿಯಚ್ಚಲ್ಲ. ಇಂಥ ಜೋಡಿಗಳ ನಡುವೆ, ಭ್ರೂಣದ ಮೊದಲ ದಿನಗಳಲ್ಲೇ ಮೂಡಿದ ಸರಾಸರಿ 5.2 ಆನುವಂಶಿಕ ವ್ಯತ್ಯಾಸಗಳಿರುವುದನ್ನು ಐಸ್‌ಲೆಂಡಿನ ವಿಜ್ಞಾನಿಗಳು 2021ರಲ್ಲಿ ತೋರಿಸಿದರು.

ಮತ್ತೆ ಕೊಟ್ಟಿಗೆಗೆ ಬರೋಣ. ಅವಳಿಗಳೆರಡೂ ಹೆಣ್ಣಾಗಿದ್ದರೆ ಈ ಚಿಂತೆಯಿಲ್ಲ. ಜೊತೆಗೆ ಗಂಡಿದ್ದರೂ ರಕ್ತನಾಳ ಕೂಡದೆ ಉಳಿದ ಕೆಲವು ಹೆಣ್ಣುಗರುಗಳು ಚೆನ್ನಾಗಿಯೇ ಈಯುತ್ತವೆ. ಆದ್ದರಿಂದ ಮಾರುವ ಅವಸರವೂ ಬೇಡ, ಕುರುಡು ನಂಬಿಕೆಯೂ ಬೇಡ. ಕರು ಎಳೆಯದಿರುವಾಗಲೇ ಪಶುವೈದ್ಯರಿಗೆ ತೋರಿಸಿ. ಗೊಡ್ಡು ಕರುವಿನ ಯೋನಿಮಾರ್ಗ ಮಾಮೂಲಿಗಿಂತ ತೀರಾ ಗಿಡ್ಡ. ವೈದ್ಯರು ಅಳೆದು ಹೇಳಬಲ್ಲರು. ಅನುಮಾನ ಉಳಿದರೆ ರಕ್ತದಲ್ಲಿ ವೈ ವರ್ಣತಂತು ಹುಡುಕುವ ಪರೀಕ್ಷೆಯುಂಟು. ಎರಡು ವರ್ಷದ ಹಿಂಡಿಯ ಖರ್ಚಿನ ಮುಂದೆ ಅದು ದೊಡ್ಡದಲ್ಲ.