ಅಡಿಗೆಮನೆಯ ಚಾಕೊಲೇಟು

ಚಾಕೊಲೇಟಿನ ಪೊಟ್ಟಣದ ಮೇಲೆ ‘ಪ್ರೋಟೀನ್’ ಎಂದು ಅಚ್ಚಾದೊಡನೆ ಬೆಲೆ ಏರುತ್ತದೆ. ನಾಪೋಕ್ಲಿನ ವಿದ್ಯಾರ್ಥಿ ಆ ಬೆಲೆ ತೆರಬೇಕೆ? ಬೇಡವೆಂದೇ ನಮ್ಮ ಮತ. ಲೆಕ್ಕ ಹಾಕೋಣ. 50 ಗ್ರಾಂ ಹುರಿಗಡಲೆಯಲ್ಲಿ ಸುಮಾರು 10 ಗ್ರಾಂ, 25 ಗ್ರಾಂ ಹುರಿದ ಕಡಲೆಕಾಯಿ ಬೀಜದಲ್ಲಿ 6 ಗ್ರಾಂ, 10 ಗ್ರಾಂ ಕೋಕೋ ಪುಡಿಯಲ್ಲಿ 2 ಗ್ರಾಂ ಸಸಾರಜನಕವುಂಟು. ಒಟ್ಟು 18 ಗ್ರಾಂ. ಇವನ್ನು ನುಣ್ಣಗೆ ಪುಡಿಮಾಡಿ, ಬೆಲ್ಲ ಬೆರೆಸಿ, ಕಾಯಿಸಿದ ಹಾಲು ಚಿಮುಕಿಸಿ ಉಂಡೆ ಕಟ್ಟಿದರೆ ಹತ್ತು ನಿಮಿಷದಲ್ಲಿ ಸಿಹಿ ಸಿದ್ಧ. ಕೋಕೋ ದೂರದ ವಸ್ತುವೇನಲ್ಲ; ನೆರೆಜಿಲ್ಲೆಯ ಪುತ್ತೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆಯ ಚಾಕೊಲೇಟು ಕಾರ್ಖಾನೆ 1986ರಿಂದಲೂ ಇದೆ.

ಒಳ್ಳೆಯ ಚಾಕೊಲೇಟಿನಂತೆ ಈ ಉಂಡೆ ಬಾಯಲ್ಲಿ ಕರಗದು, ನಿಜ. ಆ ಗುಣ ಸುಮಾರು 34 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವ ಕೋಕೋ ಬೆಣ್ಣೆಯದು. ಕರಗುವ ಸುಖಕ್ಕೆ ಹಣ ತೆರುವುದು ಸರಿಯೇ. ಸಸಾರಜನಕಕ್ಕಾದರೋ ಮನೆಯ ಡಬ್ಬಿಯೇ ಸಾಕು.